ನಾಲ್ಕು ಗಿಡಕ್ಕೆ ಅನುಮತಿ ಸಿಕ್ಕಿತು, ಒಣಗಿಸುವುದನ್ನು ಕಲಿಸುವವರು ಯಾರು?

ಒಂಟಾರಿಯೊದ ಹಿತ್ತಿಲುಗಳಲ್ಲಿ ಗಾಂಜಾ ಕೊಯ್ಲಿಗೆ ಬರುವುದು ಅಕ್ಟೋಬರ್ ಹೊತ್ತಿಗೆ, ಚಳಿ ಮತ್ತು ಜಿಟಿಜಿಟಿ ಮಳೆ ಒಟ್ಟಿಗೆ ಶುರುವಾದಾಗ. ಕೆನಡಾದ ಕಾನೂನು 2018ರ ಅಕ್ಟೋಬರ್ 17ರಿಂದ ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆಯಲು ಬಿಟ್ಟಿದೆ. ಕ್ವಿಬೆಕ್ ಪ್ರಾಂತ್ಯ ಇದನ್ನು ಒಪ್ಪಲಿಲ್ಲ. ಅದರ ನಿಷೇಧವನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗಿಡ ಎಷ್ಟಿರಬೇಕು ಎಂಬುದಕ್ಕೆ ಇಷ್ಟೆಲ್ಲ ವಾದ ನಡೆಯಿತು. ಕೊಯ್ದ ಮೇಲೆ ಒಣಗಿಸುವುದು ಹೇಗೆಂದು ನನ್ನ ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಾಯಿಲೆಗೆ ದಾರಿಯಾಗುವುದು ಅಲ್ಲಿಯೇ.

ನಾನು ಗಾಂಜಾ ಮುಟ್ಟಿದವಳಲ್ಲ. ಆದರೆ ಸಕಲೇಶಪುರದ ಕಡೆ ಏಲಕ್ಕಿ ತೋಟದಲ್ಲಿ ಬೆಳೆದವಳು. ಮಳೆಯಲ್ಲಿ ಕೊಯ್ದ ಹಸಿ ಕಾಯಿಯನ್ನು ಗೂಡಿನಲ್ಲಿ ಒಣಗಿಸುವಾಗ ಅಪ್ಪ ರಾತ್ರಿಯೆಲ್ಲ ಎದ್ದೆದ್ದು ನೋಡುತ್ತಿದ್ದರು. ಬೂಷ್ಟಿನ ವಾಸನೆ ನನ್ನ ಮೂಗಿಗೆ ಬೇಗ ತಿಳಿಯುತ್ತದೆ.

ಪಕ್ಕದ ಮನೆಯ ಹಿರಿಯ ಮಹಿಳೆಗೆ ಕೀಮೋಥೆರಪಿ ನಡೆಯುತ್ತಿತ್ತು. ವಾಕರಿಕೆ ತಡೆಯಲೆಂದು ತಾವೇ ಬೆಳೆದ ಗಾಂಜಾವನ್ನು ಗ್ಯಾರೇಜಿನಲ್ಲಿ ಹಗ್ಗಕ್ಕೆ ತಲೆಕೆಳಗಾಗಿ ಕಟ್ಟಿದ್ದರು. ಗ್ಯಾರೇಜಿಗೆ ಹೀಟಿಂಗ್ ಇಲ್ಲ, ಗಾಳಿ ಆಡುವುದಿಲ್ಲ. ಹೊರಗಿನಿಂದ ಚೆನ್ನಾಗಿಯೇ ಕಂಡ ಹೂಗೊಂಚಲನ್ನು ಬಿಡಿಸಿದರೆ ದಂಟಿನ ಸುತ್ತ ಬೂದು ಬಣ್ಣದ ಬೂಷ್ಟು. ಸ್ಟ್ರಾಬೆರಿ, ದ್ರಾಕ್ಷಿಗಳನ್ನು ಕೊಳೆಸುವ ಬೊಟ್ರೈಟಿಸ್ ಶಿಲೀಂಧ್ರ ಇಲ್ಲಿಗೂ ಬರುತ್ತದೆ. ಅದಕ್ಕಿಂತ ಭಯಪಡಬೇಕಾದದ್ದು ಆಸ್ಪರ್ಜಿಲಸ್. ರೋಗನಿರೋಧಕ ಶಕ್ತಿ ಕುಗ್ಗಿದವರು ಅದರ ಕಣಗಳನ್ನು ಉಸಿರಿನ ಜೊತೆ ಒಳಗೆಳೆದುಕೊಂಡರೆ ಶ್ವಾಸಕೋಶಕ್ಕೇ ಸೋಂಕು ತಗಲಬಹುದು. ಸೇದುವಾಗಿನ ಬೆಂಕಿ ಎಲ್ಲವನ್ನೂ ಕೊಲ್ಲುತ್ತದೆಂದು ನಂಬಿ ಕೂರುವಂತಿಲ್ಲ.

ಹಸಿ ಹೂವಿನ ಮುಕ್ಕಾಲು ಭಾಗ ನೀರು. 5 ಗ್ರಾಂ ಹಸಿಯನ್ನು 1 ಗ್ರಾಂ ಒಣಗಿದ್ದಕ್ಕೆ ಸಮವೆಂದು ಕಾನೂನೇ ಲೆಕ್ಕ ಹಿಡಿಯುತ್ತದೆ. ತಣ್ಣನೆಯ ತೇವದ ಗ್ಯಾರೇಜಿನಲ್ಲಿ ಆ ನೀರು ಹೊರಡುವುದೇ ಇಲ್ಲ. ಹಾಗಂತ ಮನೆಯೊಳಗೆ ತಂದರೆ ಇನ್ನೊಂದು ತೊಂದರೆ: ಚಳಿ ಜೋರಾಗಿ ಫರ್ನೇಸ್ ಹಚ್ಚಿದ ಮೇಲೆ ಒಳಗಿನ ಗಾಳಿಯ ತೇವಾಂಶ ಶೇ 30ಕ್ಕಿಂತ ಕೆಳಗೂ ಇಳಿಯುತ್ತದೆ. ಎರಡು ಮೂರು ದಿನದಲ್ಲಿ ಮೇಲ್ಪದರ ಗರಿಗರಿ, ತಿರುಳು ಮಾತ್ರ ಹಸಿ. ಒಣಗಿತೆಂದು ಗಾಜಿನ ಜಾಡಿಗೆ ತುಂಬಿ ಮುಚ್ಚಿದರೆ ಒಳಗಿನ ನೀರು ಹೊರಬಂದು ಜಾಡಿಯಲ್ಲೇ ಬೂಷ್ಟು ಹಿಡಿಯುತ್ತದೆ. ಬೇಕಾದದ್ದು ಕತ್ತಲ ಕೋಣೆ, 15ರಿಂದ 20 ಡಿಗ್ರಿ ಸೆಲ್ಸಿಯಸ್, ಶೇ 55–60ರಷ್ಟು ತೇವಾಂಶ, ಹೂವಿಗೆ ನೇರ ಬಡಿಯದಂತೆ ತಿರುಗುವ ಫ್ಯಾನ್, ಒಂದೆರಡು ವಾರದ ತಾಳ್ಮೆ. ಸಣ್ಣ ಕಡ್ಡಿ ಬಾಗದೆ ಲಟಕ್ಕನೆ ಮುರಿದ ಮೇಲೆ ಜಾಡಿ. ಆಮೇಲೂ ಮೊದಮೊದಲು ದಿನಾ ಮುಚ್ಚಳ ತೆಗೆದು ಗಾಳಿಯಾಡಿಸಬೇಕು. ತೇವಾಂಶ ಅಳೆಯುವ ಪುಟ್ಟ ಮೀಟರು ದುಬಾರಿಯೇನಲ್ಲ.

ಪರವಾನಗಿ ಪಡೆದ ಕಂಪನಿಗಳು ಸೂಕ್ಷ್ಮಜೀವಿ ಪರೀಕ್ಷೆ ಮಾಡಿಸದೆ ಮಾರುವಂತಿಲ್ಲ. ಹಿತ್ತಿಲ ಬೆಳೆಗೆ ಆ ಕಾವಲಿಲ್ಲ. ಅದಕ್ಕಾಗಿ ಅನುಮತಿಯನ್ನೇ ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ನರಳುತ್ತಿರುವವರು ಕದ್ದು ಬೆಳೆಯುತ್ತಾರೆ, ಬೂಷ್ಟು ಅಲ್ಲೂ ಬರುತ್ತದೆ. ಬೀಜ ಮಾರುವ ಅಂಗಡಿಗಳು ಒಣಗಿಸುವ ಕ್ರಮದ ಒಂದು ಹಾಳೆಯನ್ನೂ ಆ ಮೀಟರನ್ನೂ ಜೊತೆಗೇ ಕೊಡಬೇಕೆಂದು ನಿಯಮವಾಗಲಿ.

ಮಕ್ಕಳ ಮನೆಗೆಂದು ಇಲ್ಲಿಗೆ ಬರುವ ನಮ್ಮ ಊರಿನ ಹಿರಿಯರಿಗೂ ಒಂದು ಮಾತು. ಇದು ಇಲ್ಲಿಯ ಅನುಮತಿ, ಗಡಿ ದಾಟುವುದಿಲ್ಲ. ಚಿಟಿಕೆಯಷ್ಟನ್ನು ಚೀಲದಲ್ಲಿಟ್ಟುಕೊಂಡು ಭಾರತದ ವಿಮಾನ ಹತ್ತಿದರೂ ಕೆನಡಾದಲ್ಲೇ ಅಪರಾಧ; ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆ ಕಾದಿರುತ್ತದೆ.

ಕ್ಯಾನ್ಸರ್ ಆಸ್ಪತ್ರೆಗಳ ನರ್ಸ್‌ಗಳು ಪ್ರತಿ ರೋಗಿಯನ್ನೂ ಗದರದೆ ಕೇಳಲಿ: ಗಾಂಜಾ ಬಳಸುತ್ತೀರಾ, ಮನೆಯದ್ದಾ, ಎಲ್ಲಿ ಒಣಗಿಸಿದಿರಿ? ನನ್ನ ನೆರೆಯವರನ್ನು ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ.