ಸೇತುವೆ ಮುಚ್ಚಿದಾಗ ಹೊಳೆಗೆ ಇಳಿದವರು



2020ರ ಮಾರ್ಚ್ ಕೊನೆಯ ವಾರ. ಕೊರೊನಾ ಭೀತಿಯಲ್ಲಿ ನೇಪಾಳ ಗಡಿ ಮುಚ್ಚಿತು, ಭಾರತದಲ್ಲೂ ಲಾಕ್‌ಡೌನ್ ಜಾರಿಯಾಯಿತು. ಊರಿಗೆ ಹೊರಟಿದ್ದ ನೂರಾರು ನೇಪಾಳಿ ಕೂಲಿಕಾರರು ಉತ್ತರಾಖಂಡದ ಧಾರ್ಚುಲಾದಲ್ಲಿ ಸಿಕ್ಕಿಬಿದ್ದರು. ಮಹಾಕಾಳಿ ನದಿಯ ಆಚೆ ದಡವೇ ಅವರ ದೇಶ; ನಡುವಿನ ತೂಗುಸೇತುವೆ ಮಾತ್ರ ಮುಚ್ಚಿತ್ತು. ಕೆಲವರು ಕೊರೆಯುವ ನೀರಿಗಿಳಿದು ಈಜಿಯೇ ದಾಟಿದರು. ದಡ ಸೇರಿದವರನ್ನು ಕಾದಿದ್ದದ್ದು ಪೊಲೀಸರು.

ಜೀವದ ಹಂಗು ತೊರೆದು ಮನೆಗೆ ಹೋಗಬೇಕಾದ ಸ್ಥಿತಿ ಯಾರಿಗೂ ಬರಬಾರದು.

ಪಾಸ್‌ಪೋರ್ಟ್, ವೀಸಾ ಕೇಳದ ಗಡಿಯಿದು. ಆ ಸಲುಗೆಯಿಂದಲೇ ಲಕ್ಷಾಂತರ ನೇಪಾಳಿಗಳು ಇಲ್ಲಿ ದುಡಿಯುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟುಗಳಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ ದಿನವೂ ಕಾಣುವ ಮುಖಗಳವು. ಆದರೆ ಎಲ್ಲಿ ಎಷ್ಟು ಮಂದಿ ಇದ್ದಾರೆಂಬ ಸರಿಯಾದ ಲೆಕ್ಕವಿಲ್ಲ. ಹೀಗಾಗಿ ಸಂಕಟ ಬಂದಾಗ ಅವರು ಯಾವ ಪಟ್ಟಿಗೂ ಸೇರುವುದಿಲ್ಲ.

ಮುಂದೆ ಇಂಥ ಸಂದರ್ಭ ಬಂದರೆ ಎರಡೂ ಸರ್ಕಾರಗಳು ಗಡಿ ಮುಚ್ಚುವ ಮುನ್ನ ಕೆಲವು ದಿನಗಳ ಕಾಲಾವಕಾಶ ಕೊಡಲಿ. ಗಡಿಠಾಣೆಗಳಲ್ಲೇ ತಪಾಸಣೆ, ಕ್ವಾರಂಟೈನ್, ಊಟ, ವಸತಿಗೆ ಏರ್ಪಾಡಾಗಲಿ. ನಮ್ಮ ಕಾರ್ಮಿಕ ಇಲಾಖೆಯೂ ನೇಪಾಳಿ ಭಾಷೆಯಲ್ಲಿ ಉತ್ತರಿಸುವ ಸಹಾಯವಾಣಿಯೊಂದನ್ನು ಈಗಲೇ ಆರಂಭಿಸಬೇಕೆಂದು ವಿನಂತಿ.

– ಒಬ್ಬ ಓದುಗ, ಬೆಂಗಳೂರು