ಮೂರೂವರೆ ಲಕ್ಷ ಓಡಿದ ಪಿಕಪ್



ಮಳೆ ಸ್ವಲ್ಪ ಬಿಟ್ಟಿದ್ದ ಒಂದು ಭಾನುವಾರ, ಎರಡನೆಯ ಪೂಜೆ ಮುಗಿಸಿ ಹೊರಗೆ ಬಂದಾಗ ನಮ್ಮ ಒಂದು ವಾಳೆಯ ಯಜಮಾನರು ಚರ್ಚಿನ ಅಂಗಳದಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ಅವರ ಪಿಕಪ್. 2008ರ ಗಾಡಿ, ಕೆ.ಎಲ್. 14ರ ಹಳದಿ ನಂಬರ್ ಪ್ಲೇಟು. ಅಡಿಕೆ, ತೆಂಗು, ಗೊಬ್ಬರ, ಮುರಕಲ್ಲು ಎಲ್ಲವನ್ನೂ ಹೊತ್ತ ಗಾಡಿ. ನಮ್ಮ ಹಬ್ಬಕ್ಕೆ ಪೆಂಡಾಲಿನ ಕಂಬಗಳನ್ನು ತಂದದ್ದೂ ಇದೇ.

"ಫಾದರ್, ಗ್ಯಾರೇಜಿನವರು ಇಂಜಿನ್ ಬಿಚ್ಚಬೇಕು ಅಂತಾರೆ. ಲಕ್ಷದ ಮೇಲೆ ಆಗ್ತದಂತೆ. ಮಗಳ ನರ್ಸಿಂಗ್ ಫೀಸಿಗೆ ಇಟ್ಟದ್ದು ಬಿಟ್ಟರೆ ಕೈಯಲ್ಲಿ ಬೇರೆ ಇಲ್ಲ. ಮಾಡಿಸುವುದೋ, ಕೊಟ್ಟುಬಿಡುವುದೋ, ನೀವೇ ಹೇಳಿ."

ನಾವು ಸೆಮಿನರಿಯಲ್ಲಿ ಕಲಿತದ್ದು ತತ್ವಶಾಸ್ತ್ರ, ದೈವಶಾಸ್ತ್ರ. ಇಂಜಿನ್ ಶಾಸ್ತ್ರ ಯಾರೂ ಕಲಿಸಲಿಲ್ಲ. ಆದರೂ ಗುಡ್ಡದ ಮೇಲಿನ ಧರ್ಮಕೇಂದ್ರಗಳಲ್ಲಿ ಹಳೆಯ ಜೀಪುಗಳ ಜೊತೆ ಬದುಕಿದ ಗುರುಗಳಿಗೆ ಸ್ವಲ್ಪ ಗ್ಯಾರೇಜಿನ ಜ್ಞಾನ ತಾನಾಗಿ ಬರುತ್ತದೆ. ಇದು ಆ ಒಂದು ಮನೆಯ ಪ್ರಶ್ನೆ ಮಾತ್ರವಲ್ಲವಾದ್ದರಿಂದ ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇವೆ.

ಎಲ್ಲರೂ ಮೊದಲು ನೋಡುವುದು ಮೀಟರ್. ಆ ಗಾಡಿಯ ಮೀಟರ್ 3,41,000 ಕಿಲೋಮೀಟರ್ ತೋರಿಸಿ ನಿಂತುಹೋಗಿತ್ತು. ಕೇಬಲ್ ತುಂಡಾಗಿ ಎಷ್ಟೋ ಕಾಲವಾಗಿದೆಯಂತೆ. ಅದಕ್ಕೆ ನಾವು ಹೆಚ್ಚು ಬೆಲೆ ಕೊಡಲಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುತ್ತಾ ಹೆದ್ದಾರಿಯಲ್ಲಿ ಮೂರು ಲಕ್ಷ ಓಡಿದ ಡೀಸೆಲ್ ಇಂಜಿನ್‌ಗಿಂತ, ಕಲ್ಲು ತುಂಬಿಕೊಂಡು ಫಸ್ಟ್ ಗೇರಿನಲ್ಲಿ ಗುಡ್ಡ ಹತ್ತಿದ ಒಂದು ಲಕ್ಷದ ಇಂಜಿನ್ ಹೆಚ್ಚು ಸವೆದಿರಬಹುದು.

ಗಾಡಿ ಸ್ಟಾರ್ಟ್ ಮಾಡಿಸಿದೆವು. ಎಕ್ಸಲರೇಟರ್ ಒತ್ತಿದಾಗ ಕಪ್ಪು ಹೊಗೆ. ಹೊಗೆಯ ಬಣ್ಣ ನೋಡುವುದನ್ನು ಮನೆಯಲ್ಲಿ ಗಾಡಿ ಇರುವವರೆಲ್ಲ ಕಲಿಯಬೇಕು. ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ನೀಲಿ ಹೊಗೆ ಬಂದರೆ ಒಳಗೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬೆಳಗ್ಗಿನ ಚಳಿಗೆ ಸ್ವಲ್ಪ ಬಂದು ಹೋಗುವುದು ಸಹಜ. ನಿಲ್ಲದೆ ಬಂದು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿದೆವು. ಅಲ್ಲಿಂದ ಹೊಗೆ ಜೋರಾಗಿ ದಬದಬ ಬಂದರೆ ರಿಂಗ್ ಸವೆದಿದೆ ಎಂದು ಅರ್ಥ. ಹಾಗೇನೂ ಬರಲಿಲ್ಲ. ಮುಚ್ಚಳದ ಅಡಿಯಲ್ಲಿ ಹಾಲು ಕಾಫಿಯ ಬಣ್ಣದ ಕೆಸರು, ಅಂದರೆ ಆಯಿಲಿಗೆ ನೀರು ಸೇರಿದ ಗುರುತು, ಅದೂ ಇರಲಿಲ್ಲ.

"ಕಂಪ್ರೆಷನ್ ನೋಡಿದ್ದಾರಾ?" ಎಂದು ಕೇಳಿದೆವು. ನೋಡಿರಲಿಲ್ಲ. ಕಂಪ್ರೆಷನ್ ಅಳೆಯದೆ ಇಂಜಿನ್ ಬಿಚ್ಚಲು ಹೇಳುವವರಿಗೆ ಅಡ್ವಾನ್ಸ್ ಕೊಡಬೇಡಿ. ಬಿಚ್ಚಿ ಹರಡಿದ ಮೇಲೆ ಬೇಡ ಎನ್ನುವ ಅಧಿಕಾರ ನಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಬೇರೆ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದರು. ಅವರು ಅರ್ಧ ತುಳು, ಅರ್ಧ ಮಲಯಾಳದಲ್ಲಿ ಹೇಳಿದ್ದರ ಸಾರಾಂಶ: ಕಂಪ್ರೆಷನ್ ಪರವಾಗಿಲ್ಲ, ಇಂಜೆಕ್ಟರ್ ಸರ್ವಿಸ್ ಮಾಡಿ ಫಿಲ್ಟರ್ ಹಾಕಿದರೆ ಸಾಕು, ಕೆಲವು ಸಾವಿರದ ಕೆಲಸ. ಯಜಮಾನರ ಮುಖ ಅರಳಿತು. ಮೆಕ್ಯಾನಿಕ್ ಮಾತ್ರ ಟಾರ್ಚ್ ಹಿಡಿದು ಗಾಡಿಯ ಅಡಿಗೆ ಹೋದವರು ಬೇಗ ಹೊರಗೆ ಬರಲಿಲ್ಲ.

ನಮ್ಮ ಅಡಿಕೆ ಸೀಮೆಯವರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಬೋರ್ಡೋ ಮಾಡಲು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕುತ್ತೇವಲ್ಲ? ಸುಣ್ಣ ಸಾಕೋ ಎಂದು ನೋಡಲು ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದುತ್ತೇವೆ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಇನ್ನೂ ಬೇಕು. ಆ ಕೆಂಪು ತಾಮ್ರ. ತಾಮ್ರ ಕೂತ ಕಡೆ ಕಬ್ಬಿಣ ಕರಗಿರುತ್ತದೆ. ಅದಕ್ಕೇ ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸುವುದಿಲ್ಲ. ಇಷ್ಟು ತಿಳಿದ ನಾವೇ ಮೈಲುತುತ್ತು ಕದಡಿದ ಡ್ರಮ್ಮನ್ನು ಪಿಕಪ್ಪಿನಲ್ಲಿಟ್ಟು ತೋಟದಿಂದ ತೋಟಕ್ಕೆ ಒಯ್ಯುತ್ತೇವೆ. ತುಳುಕಿದ್ದು ಬಾಡಿಯ ಸಂದಿನಿಂದ ಚಾಸಿಸ್ ಮೇಲೆ ಇಳಿಯುತ್ತದೆ. ಅದರ ಮೇಲೆ ಗೊಬ್ಬರದ ಉಪ್ಪು, ಮೇಲಿಂದ ನಾಲ್ಕು ತಿಂಗಳ ಮಳೆ. ಒಂದು ಬಕೆಟ್ ನೀರು ಸುರಿದು ತೊಳೆಯಲು ಯಾರಿಗೂ ಪುರುಸೊತ್ತಿಲ್ಲ.

ಮೆಕ್ಯಾನಿಕ್ ಸುತ್ತಿಗೆಯಿಂದ ಚಾಸಿಸ್ ತಟ್ಟುತ್ತಾ ಹೋದರು. ಮುಂದೆ ಟಣ್ ಟಣ್. ಹಿಂದಿನ ಲೀಫ್ ಪ್ಲೇಟಿನ ಹ್ಯಾಂಗರ್ ಹತ್ತಿರ ಬಂದಾಗ ಸತ್ತ ಸದ್ದು. ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಯಿತು. ಪೈಂಟಿನ ಅಡಿಯಲ್ಲಿ ಹಾಳೆ ಹಾಳೆಯಾಗಿ ಏಳುವ ತುಕ್ಕು.

ಇಂಜಿನ್ ಕೆಟ್ಟರೆ ಬೋರ್ ಮಾಡಿಸಬಹುದು, ಬೇರೆ ಇಂಜಿನ್ ಕೂರಿಸಬಹುದು, ಆಗ ಆರ್.ಸಿ.ಯಲ್ಲಿ ಹೊಸ ಇಂಜಿನ್ ನಂಬರ್ ದಾಖಲಿಸಬೇಕು ಅಷ್ಟೇ. ಕ್ಲಚ್, ಬ್ರೇಕ್, ಪ್ಲೇಟುಗಳೂ ಸಿಗುತ್ತವೆ. ಚಾಸಿಸ್ ಹಾಗಲ್ಲ. "ಪ್ಲೇಟ್ ಇಟ್ಟು ವೆಲ್ಡ್ ಮಾಡಬಹುದು, ನೋಡಲು ಚೆಂದ ಇರ್ತದೆ" ಎಂದರು ಮೆಕ್ಯಾನಿಕ್. ಆಮೇಲೆ ಅವರೇ ಕೇಳಿದರು: "ಹಿಂದೆ ಜನ ಕೂರ್ತಾರಾ?"

ಕೂರುತ್ತಾರೆ. ಕೊಯ್ಲಿನ ದಿನ ಆಳುಗಳು, ಹಬ್ಬದ ದಿನ ವಾಳೆಯ ಮಕ್ಕಳು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದೆಂಬ ಕಾನೂನು ನಮಗೆ ಗೊತ್ತಿದ್ದೂ ನಾವು ಬಾಯಿ ಬಿಟ್ಟವರಲ್ಲ. ಅದು ನಮ್ಮ ತಪ್ಪೂ ಹೌದು.

ಅಲ್ಲಿಂದ ಮಾತು ಲೆಕ್ಕಕ್ಕೆ ತಿರುಗಿತು. ಯಜಮಾನರು ಹೇಳಿದ್ದು, "ಹೋದ ವರ್ಷವಷ್ಟೇ ಗೇರ್‌ಬಾಕ್ಸಿಗೂ ಟಯರಿಗೂ ಹಾಕಿದ್ದೇನೆ ಫಾದರ್, ಈಗ ಬಿಟ್ಟರೆ ಅದೆಲ್ಲ ನೀರಲ್ಲಿ ಹೋಮ." ಈ ಮಾತನ್ನು ನಾವೂ ಒಂದು ಕಾಲದಲ್ಲಿ ಆಡಿದವರು. ಹೊಸದಾಗಿ ಗುರುಗಳಾಗಿದ್ದಾಗ ನಮ್ಮ ಪಾಲಿಗೆ ಬಂದಿದ್ದ ಜೀಪಿಗೆ ಮೊದಲು ಕ್ಲಚ್, ಆಮೇಲೆ ಗೇರ್‌ಬಾಕ್ಸ್, ಆಮೇಲೆ ಹೆಡ್. ಪ್ರತಿ ಸಲವೂ "ಇಷ್ಟು ಹಾಕಿ ಆಗಿದೆ, ಇನ್ನೊಂದು ಸಲ" ಎಂದೇ ಹಾಕಿದೆವು. ಕೊನೆಗೆ ಹಿರಿಯ ಗುರುಗಳೊಬ್ಬರು ಖರ್ಚಿನ ಪುಸ್ತಕ ತರಿಸಿ ಕೂಡಿಸಲು ಹೇಳಿದರು. ಮೊತ್ತ ಜೀಪಿನ ಬೆಲೆಯನ್ನು ದಾಟಿತ್ತು. ಹೋದ ಹಣ ರಿಪೇರಿ ಮಾಡಿದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಲೆಕ್ಕ ಇಂದಿನಿಂದ ಶುರುವಾಗಬೇಕು.

ಆ ಮನೆಯಲ್ಲಿ ಲೆಕ್ಕ ಬರೆದವರು ಯಜಮಾನರ ಹೆಂಡತಿ, ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ. ವರ್ಷದಲ್ಲಿ ಗಾಡಿ ನಿಜವಾಗಿ ಎಷ್ಟು ದಿನ ಬೇಕು? ಅಡಿಕೆ ಕ್ಯಾಂಪ್ಕೊಗೆ ಒಯ್ಯಲು, ಗೊಬ್ಬರ ತರಲು, ನೆರೆಯವರ ಬಾಡಿಗೆ ಎಲ್ಲ ಸೇರಿ ಎಪ್ಪತ್ತು ದಿನ ದಾಟಲಿಲ್ಲ. ಇನ್ನೊಂದು ಕಡೆ ವಿಮೆ, ತೆರಿಗೆ, ಕ್ಷೇಮನಿಧಿ, ಫಿಟ್‌ನೆಸ್. ಎಂಟು ವರ್ಷ ದಾಟಿದ ಸರಕಿನ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. 15 ವರ್ಷ ದಾಟಿದವುಗಳ ಶುಲ್ಕವನ್ನು ಕೇಂದ್ರದ ನಿಯಮ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿಸಿತು. ರಿಪೇರಿಗೆ ಕೈ ಹಾಕುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಈಗಿನ ದರ ಕೇಳಿಕೊಂಡು ಬನ್ನಿ. ಅಷ್ಟೆಲ್ಲ ಕೂಡಿಸಿದಾಗ ಬೇಕಾದ ದಿನ ಬಾಡಿಗೆ ಗಾಡಿ ಕರೆಯುವುದೇ ಅಗ್ಗವಾಗಿ ಕಂಡಿತು.

ಹಾಗೆಂದು ಹಳೆಯದನ್ನೆಲ್ಲ ಗುಜರಿಗೆ ಹಾಕಿ ಎಂದು ನಾವು ಹೇಳುತ್ತಿಲ್ಲ. ಚಾಸಿಸ್ ಟಣ್ ಎನ್ನುತ್ತಿದ್ದರೆ, ವಾರದಲ್ಲಿ ನಾಲ್ಕು ದಿನ ದುಡಿಮೆ ಇದ್ದರೆ, ಇಂಜಿನ್ ಕೆಲಸದ ಖರ್ಚು ಹೊಸ ಗಾಡಿಯ ಸಾಲದ ಕಂತಿನ ಮುಂದೆ ಏನೂ ಅಲ್ಲ. ಅಂಥ ಗಾಡಿಯನ್ನು ಧೈರ್ಯವಾಗಿ ಮಾಡಿಸಿ. ನೆರೆಮನೆಯವರು ಹೊಸದು ತಂದರೆಂದು ಸಾಲಕ್ಕೆ ಸಹಿ ಹಾಕಬೇಡಿ.

ಕೊಡುವವರಿಗೆ ಒಂದು ಎಚ್ಚರಿಕೆ. ಗುಜರಿಯವರು ಹಣ ಎಣಿಸಿ ಗಾಡಿ ಒಯ್ದರೆ ಕೆಲಸ ಮುಗಿಯಲಿಲ್ಲ. ಬಾಕಿ ತೆರಿಗೆ ಕಟ್ಟಿ ಆರ್.ಸಿ. ರದ್ದು ಮಾಡಿಸಬೇಕು, ಇಲ್ಲವಾದರೆ ಇಲ್ಲದ ಗಾಡಿಗೆ ನಿಮ್ಮ ಹೆಸರಿನಲ್ಲಿ ತೆರಿಗೆ ಬೆಳೆಯುತ್ತಲೇ ಇರುತ್ತದೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪತ್ರ ಕೊಡುತ್ತಾರೆ, ಅದನ್ನು ಜೋಪಾನವಾಗಿಡಿ.

ಮಗಳ ಫೀಸು ಆ ತಿಂಗಳೇ ಕಟ್ಟಿಯಾಯಿತು. ಗಾಡಿ ಹೋಗುವ ದಿನ ಯಜಮಾನರು ಡ್ರೈವರ್ ಸೀಟನ್ನು ಮಾತ್ರ ಬಿಚ್ಚಿಟ್ಟುಕೊಂಡರು. ಅದೀಗ ಅವರ ಜಗಲಿಯಲ್ಲಿದೆ. ಮೊನ್ನೆ ಮನೆ ಭೇಟಿಗೆ ಹೋದಾಗ ನಮ್ಮನ್ನು ಅದರಲ್ಲೇ ಕುಳ್ಳಿರಿಸಿ ಕಾಫಿ ಕೊಟ್ಟರು. ಸ್ಪ್ರಿಂಗ್ ಒಂದು ಬದಿಗೆ ಸ್ವಲ್ಪ ಚುಚ್ಚುತ್ತದೆ.