ಬಡ್ಡಿಯ ಮಿತಿ ಮತ್ತು ಸಾಲಗಾರನ ಮಾನ: ಕುಂದಾಪುರ ಸೀಮೆಯಿಂದ ಕೆಲವು ವಿಚಾರಗಳು

ಅವಿಭಜಿತ ದಕ್ಷಿಣ ಕನ್ನಡವನ್ನು ಬ್ಯಾಂಕುಗಳ ತೊಟ್ಟಿಲೆಂದು ಕರೆಯುವುದು ವಾಡಿಕೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿಯೇ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿಕೊಂಡವು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯು ದಿನಕ್ಕೆ ಎರಡಾಣೆಯನ್ನೂ ಉಳಿತಾಯವೆಂದು ಗೌರವಿಸಿ, ಬ್ಯಾಂಕನ್ನು ಬಡವರ ಮನೆಬಾಗಿಲಿಗೆ ಕರೆತಂದಿತು. ಇಂಥ ನೆಲದಲ್ಲಿ ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರ ಪೇಟೆಗಳ ಸಾಮಾನ್ಯ ಕುಟುಂಬಗಳು ಕೈಸಾಲ, ಸಂಘದ ಕಂತು, ಚಿನ್ನದ ಅಡವು, ಮನೆಯ ಅಡಮಾನ ಎಂಬ ನಾಲ್ಕು ಹಗ್ಗಗಳ ನಡುವೆ ಏಕೆ ಸಿಲುಕಿವೆ ಎಂಬುದು ಅರ್ಥಶಾಸ್ತ್ರಜ್ಞರು ಮಾತ್ರ ಕೇಳಬೇಕಾದ ಪ್ರಶ್ನೆಯಲ್ಲ. ಸಾಹಿತ್ಯದ ಅಧ್ಯಯನಕ್ಕೂ ಧರ್ಮಚಿಂತನೆಗೂ ಅದು ಸೇರಿದ್ದು.

ಈ ಕರಾವಳಿಯ ಸಾಲದ ಚರಿತ್ರೆಯನ್ನು ಕಡತಗಳಿಗಿಂತ ಮೊದಲು ಕಾದಂಬರಿಗಳು ಬರೆದಿಟ್ಟವು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಸಾಲವು ದುಡಿಮೆಯನ್ನು ನುಂಗುತ್ತದೆ, ಕಾಫಿ ತೋಟದ ಬಾಕಿ ತೀರಿಸಲು ಚೋಮನ ಮಕ್ಕಳು ಘಟ್ಟ ಹತ್ತಬೇಕಾಗುತ್ತದೆ. ‘ಮರಳಿ ಮಣ್ಣಿಗೆ’ಯಲ್ಲಿ ಸಾಲವು ನೆಲವನ್ನು ನುಂಗುತ್ತದೆ, ಲಚ್ಚನ ದುಂದಿನಿಂದ ಹಿರಿಯರು ಕೂಡಿಸಿದ ಆಸ್ತಿ ಕೈತಪ್ಪುತ್ತದೆ. ಮೊದಲನೆಯದರಲ್ಲಿ ಸಾಲಗಾರನ ಬಳಿ ಅಡವಿಡಲು ಮೈಯ ಹೊರತು ಏನೂ ಇಲ್ಲ, ಎರಡನೆಯದರಲ್ಲಿ ಭೂಮಿಯಿದೆ. ಈ ಎರಡು ಮಾದರಿಗಳೂ ಇಂದು ಅಳಿದಿಲ್ಲ, ರೂಪ ಬದಲಿಸಿವೆ.

ಬದಲಾವಣೆಯ ಬೇರು ಭೂಸುಧಾರಣೆಯಲ್ಲಿದೆ. ಮೂಲಗೇಣಿ, ಚಾಲಗೇಣಿಗಳ ಈ ಜಿಲ್ಲೆಯಲ್ಲಿ 1974ರ ತಿದ್ದುಪಡಿಯ ಬಳಿಕ ಸಾವಿರಾರು ಒಕ್ಕಲುಗಳು ಭೂಮಿಯ ಒಡೆಯರಾದರು. ಅದು ಕನ್ನಡ ನಾಡು ಕಂಡ ದೊಡ್ಡ ಸಾಮಾಜಿಕ ನ್ಯಾಯ. ಆದರೆ ಪಾಲುಪಟ್ಟಿಯಾಗಿ ಚೂರಾದ ಆ ಭೂಮಿ ಮುಂದಿನ ತಲೆಮಾರಿಗೆ ಅನ್ನವಾಗುವುದಕ್ಕಿಂತ ಹೆಚ್ಚಾಗಿ ಸಾಲಕ್ಕೆ ಆಧಾರವಾಯಿತು. ಹೆದ್ದಾರಿಯ ಇಕ್ಕೆಲಗಳಲ್ಲಿ ಗದ್ದೆ ಪರಿವರ್ತನೆಯಾಗಿ ಐದು ಸೆಂಟ್ಸಿನ ನಿವೇಶನಗಳಾದಾಗ ಒಂದು ಸೂಕ್ಷ್ಮ ಸಂಗತಿ ಯಾರ ಗಮನಕ್ಕೂ ಬರಲಿಲ್ಲ. 2002ರ ಸರ್ಫೇಸಿ ಕಾಯ್ದೆಯು ನ್ಯಾಯಾಲಯದ ಡಿಕ್ರಿಯಿಲ್ಲದೆ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಸಾಲ ನೀಡಿದ ಸಂಸ್ಥೆಗಳಿಗೆ ಕೊಡುತ್ತದೆಯಾದರೂ ಕೃಷಿಭೂಮಿಯನ್ನು ಅದರ ಹಿಡಿತದಿಂದ ಹೊರಗಿಟ್ಟಿದೆ. ಗದ್ದೆಯಾಗಿದ್ದಾಗ ಇದ್ದ ಆ ರಕ್ಷೆ, ಮನೆ ನಿವೇಶನವಾದೊಡನೆ ಕಳಚಿಬಿತ್ತು. ಅರವತ್ತು ದಿನಗಳ ನೋಟಿಸು, ಅನಂತರ ವಶ, ಅನಂತರ ಹರಾಜು. ಪ್ರಶ್ನಿಸಬೇಕೆಂದರೆ ನಲವತ್ತೈದು ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಬೈಂದೂರಿನ ಮೀನುಗಾರ ಕುಟುಂಬಕ್ಕೆ ಅದು ಸುಮಾರು 400 ಕಿಲೋಮೀಟರುಗಳ ದಾರಿ. ಹಕ್ಕು ಪುಸ್ತಕದಲ್ಲಿದೆ, ಕಾಲು ಅಲ್ಲಿಗೆ ತಲುಪುವುದಿಲ್ಲ.

ಆಸ್ತಿಯಿಲ್ಲದವರ ಪಾಡು ಬೇರೆ. ಅವರಿಗೆ ಸಿಗುವುದು ಅಡಮಾನವಿಲ್ಲದ ಕಿರುಸಾಲ. ಅಲ್ಲಿ ಅಡವಾಗುವುದು ಮಾನ. ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿದರೆ ಉಳಿದವರು ಕೈಯಿಂದ ಕೊಡಬೇಕೆಂಬ ವ್ಯವಸ್ಥೆಯು ನೆರೆಯವಳನ್ನೇ ವಸೂಲಿಗಾರ್ತಿಯನ್ನಾಗಿಸುತ್ತದೆ. ಕರಾವಳಿಯ ಆದಾಯಕ್ಕೆ ಋತುವಿದೆ, ಕಂತಿಗೆ ಋತುವಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷಿದ್ಧ. ಗಂಗೊಳ್ಳಿಯ ಬಂದರಿನಲ್ಲಿ ದೋಣಿಗಳು ದಡದಲ್ಲಿದ್ದರೂ ವಾರದ ಕಂತು ನಿಲ್ಲುವುದಿಲ್ಲ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ತಣ್ಣಗಾದ, ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಮುಚ್ಚಿದ ಸೀಮೆಯಲ್ಲಿ ಆ ಎರಡು ತಿಂಗಳ ಕಂತು ಬರುವುದು ಇನ್ನೊಂದು ಸಾಲದಿಂದಲೇ.

ನಿಯಮಗಳು ಇಲ್ಲವೆಂದಲ್ಲ. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ ವಾರ್ಷಿಕ 3 ಲಕ್ಷ ರೂಪಾಯಿಯೊಳಗಿನ ಆದಾಯದ ಕುಟುಂಬಕ್ಕೆ ಕೊಡುವ ಕಿರುಸಾಲದಲ್ಲಿ, ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ಬಳಿಕ ವಸೂಲಿಗೆ ಕರೆ ಮಾಡಬಾರದು. ಆದರೆ ಅದೇ ನಿರ್ದೇಶನ ಬಡ್ಡಿಯ ದರವನ್ನು ಸಂಸ್ಥೆಗಳ ಆಡಳಿತ ಮಂಡಳಿಗಳ ವಿವೇಚನೆಗೆ ಬಿಟ್ಟಿತು. ವಸೂಲಿಯ ಕಿರುಕುಳದಿಂದ ರಾಜ್ಯದ ಹಲವೆಡೆ ಆತ್ಮಹತ್ಯೆಗಳು ವರದಿಯಾದ ಮೇಲೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮಾರ್ಚಿನಲ್ಲಿ ಶಾಸಕಾಂಗ ಅದನ್ನು ಮಸೂದೆಯಾಗಿ ಒಪ್ಪಿತು. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿಯವರೆಗೆ ದಂಡ ಎಂಬುದು ಕಠಿಣವಾದ ಮಾತೇ. ಆದರೆ ಶಿಕ್ಷೆಯ ಕಾನೂನು ಬರುವುದು ಅವಮಾನವಾದ ಮೇಲೆ. ಅದಕ್ಕೆ ಮೊದಲಿನ ವ್ಯವಹಾರವನ್ನು ತಿದ್ದುವುದು ಯಾವುದು?

ಇಲ್ಲಿ ಜೈನ ಶ್ರಾವಕಾಚಾರದ ಪರಂಪರೆ ಹೇಳುವ ಮಾತು ಬೆಲೆಯುಳ್ಳದ್ದು. ವ್ಯಾಪಾರವನ್ನೇ ಬದುಕಾಗಿಸಿಕೊಂಡ ಗೃಹಸ್ಥರಿಗಾಗಿ ರೂಪುಗೊಂಡ ಈ ನೀತಿ ಸಾಲವನ್ನಾಗಲಿ ಬಡ್ಡಿಯನ್ನಾಗಲಿ ಪಾಪವೆಂದು ತಳ್ಳುವುದಿಲ್ಲ. ಬಡ್ಡಿ ಎಂಬ ಪದವೇ ‘ವೃದ್ಧಿ’ಯ ತದ್ಭವ, ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಪೂಜೆ, ದೀಪ, ಆಹಾರದಾನ ನಡೆಸುವ ದತ್ತಿಗಳು ಕನ್ನಡ ಶಾಸನಗಳಲ್ಲಿ ಸಾಮಾನ್ಯ. ಈ ನೀತಿ ಕೇಳುವುದು ಮಿತಿಯನ್ನು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಣುವ್ರತಗಳ ಅತಿಚಾರಗಳನ್ನು ಎಣಿಸುವಾಗ ಅಹಿಂಸೆಯ ದೋಷಗಳಲ್ಲಿ ‘ಅತಿಭಾರಾರೋಪಣ’ವನ್ನು, ಎಂದರೆ ಹೊರಲಾರದ ಹೊರೆ ಹೊರಿಸುವುದನ್ನು ಸೇರಿಸುತ್ತದೆ. ಸತ್ಯವ್ರತದ ದೋಷಗಳಲ್ಲಿ ‘ಕೂಟಲೇಖಕ್ರಿಯೆ’ ಎಂಬ ಸುಳ್ಳು ದಾಖಲೆಯ ರಚನೆಯೂ, ಗುಟ್ಟನ್ನು ಹೊರಗೆಡಹುವ ‘ರಹೋಭ್ಯಾಖ್ಯಾನ’ವೂ, ‘ನ್ಯಾಸಾಪಹಾರ’ವೂ ಇವೆ. ಈ ಕೊನೆಯದನ್ನು ಪೂಜ್ಯಪಾದರು ವಿವರಿಸುವ ಬಗೆ ಗಮನಾರ್ಹ: ಒತ್ತೆಯಿಟ್ಟವನು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಎಂದು ಒಪ್ಪಿ ಉಳಿದದ್ದನ್ನು ಇಟ್ಟುಕೊಳ್ಳುವುದೂ ಅಪಹಾರವೇ. ಅಡವಿಟ್ಟ ಚಿನ್ನ ಹರಾಜಾದ ಮೇಲೆ ಸಾಲ ಕಳೆದು ಉಳಿದ ಹಣ ತನ್ನದೆಂದು ತಿಳಿಯದ ಗೃಹಿಣಿಯ ಮೌನವನ್ನು ಲಾಭವಾಗಿಸಿಕೊಳ್ಳುವವನಿಗೆ ಇದಕ್ಕಿಂತ ನೇರವಾದ ಮಾತು ಬೇಕಿಲ್ಲ.

ಅತಿಚಾರವೆಂದರೆ ವ್ರತದ ಪೂರ್ಣ ಭಂಗವಲ್ಲ. ವ್ರತದೊಳಗೇ ಇದ್ದು ಅದನ್ನು ಮಲಿನಗೊಳಿಸುವ ನಡೆ. ಇಂದಿನ ಸಾಲದ ಅನ್ಯಾಯದ ಬಹುಭಾಗ ಈ ಬಗೆಯದು. ಸಹಿ ಇದೆ, ಮುದ್ರೆಯಿದೆ, ನಿಯಮದ ಉಲ್ಲೇಖವಿದೆ. ಹೊರಲಾರದ ಹೊರೆಯೂ ಇದೆ. ಕಾನೂನು ಭಂಗವನ್ನು ಮಾತ್ರ ಹಿಡಿಯಬಲ್ಲದು. ಅತಿಚಾರವನ್ನು ಹಿಡಿಯಬೇಕಾದದ್ದು ಸಮಾಜದ ವಿವೇಕ.

ಸಾಲಗಾರನ ತಪ್ಪೇ ಇಲ್ಲವೆ ಎಂಬ ಆಕ್ಷೇಪ ನ್ಯಾಯವಾದುದೇ. ಮದುವೆಯ ಆಡಂಬರಕ್ಕೆ, ಸ್ಪರ್ಧೆಗೆ ಬಿದ್ದು ಕಟ್ಟಿದ ಮನೆಗೆ ಸಾಲ ಮಾಡುವವರಿದ್ದಾರೆ. ಪದೇ ಪದೇ ಸಾಲಮನ್ನಾ ಘೋಷಣೆಯಾದರೆ ಪ್ರಾಮಾಣಿಕವಾಗಿ ಕಂತು ಕಟ್ಟಿದವರ ಠೇವಣಿಯಿಂದ ನಡೆಯುವ ಸಹಕಾರಿ ಸಂಘಗಳು ಸೊರಗುತ್ತವೆ. ಪರಿಗ್ರಹ ಪರಿಮಾಣವು ಕೊಡುವವನಿಗೆ ಮಾತ್ರವಲ್ಲ, ಕೊಳ್ಳುವವನಿಗೂ ಅನ್ವಯಿಸುವ ವ್ರತ. ಆದರೆ ಲಚ್ಚನ ದುಂದನ್ನೂ ಚೋಮನ ದುಡಿಮೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆಸ್ಪತ್ರೆಯ ಬಿಲ್ಲಿಗೆ, ಮಗಳ ಕಾಲೇಜಿನ ಶುಲ್ಕಕ್ಕೆ ಮಾಡಿದ ಸಾಲವನ್ನು ಚಟವೆನ್ನಲಾಗದು.

ಪರಿಹಾರದ ಒಂದು ಭಾಗ ಕನ್ನಡದ ಕೈಯಲ್ಲೇ ಇದೆ. ಸಾಲದ ಷರತ್ತುಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. ಆ ಕನ್ನಡ ಕಾಟಾಚಾರದ ಅನುವಾದವಾಗದೆ, ಓದಿದರೆ ಅರ್ಥವಾಗುವ ಕನ್ನಡವಾಗಬೇಕು. ಅಡವು, ಈಡು, ಭೋಗ್ಯ, ಜಪ್ತಿ, ಚುಕ್ತಾ ಮುಂತಾಗಿ ಜನರಿಗೆ ಗೊತ್ತಿರುವ ಪದಗಳ ಸಂಪತ್ತು ಈ ಭಾಷೆಗಿದೆ. ಕುಂದಾಪುರ ಸೀಮೆಯ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಕಾರಂತರನ್ನು ಓದುವ ಜೊತೆಗೆ ಒಂದು ಅಡಮಾನ ಪತ್ರವನ್ನೂ ಓದಿ ಬಿಡಿಸಿ ಹೇಳಬಲ್ಲವರಾದರೆ ಸಾಹಿತ್ಯದ ಅಧ್ಯಯನಕ್ಕೆ ಕುಂದಿಲ್ಲ. ಸಹಕಾರಿ ಸಂಘಗಳು ಮೀನುಗಾರಿಕೆಯ ನಿಷೇಧದ ತಿಂಗಳುಗಳಲ್ಲಿ ಕಂತಿಗೆ ಬಿಡುವು ಕೊಡುವುದನ್ನು ನಿಯಮವಾಗಿಸಬಹುದು. ಮನೆಯ ಜಪ್ತಿಗೆ ಮೊದಲು ತಾಲೂಕು ಮಟ್ಟದಲ್ಲೇ ಒಮ್ಮೆ ಸಾಲಗಾರನ ಮಾತು ಕೇಳುವ ವ್ಯವಸ್ಥೆಯನ್ನು ಸರ್ಕಾರ ಒದಗಿಸಬೇಕು.

ಎರಡಾಣೆಯ ಉಳಿತಾಯಕ್ಕೆ ಮರ್ಯಾದೆ ಕೊಟ್ಟ ನೆಲ ಇದು. ಬಾಕಿ ಉಳಿಸಿಕೊಂಡವನಿಗೂ ಮರ್ಯಾದೆ ಉಂಟೆಂದು ಒಪ್ಪಿಕೊಳ್ಳುವ ಹೊಣೆ ಈಗ ಅದರ ಮುಂದಿದೆ.